ವೈಜಾಪುರದಲ್ಲಿ ಇಳಿದ ಕುಂದಾಪುರದ ಮಳೆ

ಠಣ್, ಠಣ್, ಠಣ್, ಥಪ್.

ಮಿಸ್ತ್ರಿ ಗೋಣಿತಾಟು ಹಾಸಿಕೊಂಡು ನಮ್ಮ ಪದ್ಮಿನಿ ಕಾರಿನಡಿ ಅಂಗಾತ ಮಲಗಿದ್ದರು. ಸುತ್ತಿಗೆಯ ಮರದ ಹಿಡಿಯಿಂದ ತಳದ ತಗಡನ್ನು ಗೇಣುಗೇಣಿಗೆ ಬಡಿಯುತ್ತ ಹಿಂದಿನ ಚಕ್ರದವರೆಗೂ ಸರಿಯುತ್ತಿದ್ದರು, ನಮ್ಮೂರಿನಲ್ಲಿ ಹಲಸಿನಕಾಯಿ ಬಲಿತಿದೆಯೇ ಎಂದು ಬಡಿದು ನೋಡುತ್ತೇವಲ್ಲ, ಹಾಗೆ. ಠಣ್ ಎಂದ ಕಡೆ ಕಬ್ಬಿಣ ಗಟ್ಟಿ ಇದೆ. ಥಪ್ ಎಂದ ಕಡೆ ಡಾಂಬರಿನ ಹಿಂದೆ ಕಬ್ಬಿಣ ಉಳಿದಿಲ್ಲ.

"ಕಾಕಾ, ಇದಕ್ಕೆ ಎಷ್ಟು ಸಲ ಕೋಟಿಂಗ್ ಹೊಡೆಸಿದ್ದೀರಿ?" ಅಡಿಯಿಂದಲೇ ಹಿಂದಿಯಲ್ಲಿ ಕೇಳಿದರು.

"ವರ್ಷಕ್ಕೊಂದು ಸಲ. ಮಳೆಗಾಲ ಹಿಡಿಯುವ ಮುಂಚೆ," ಎಂದರು ಅಪ್ಪಯ್ಯ.

"ಎಷ್ಟು ವರ್ಷದಿಂದ?"

"1987ರಿಂದ."

ಕಾರಿನಡಿಯಲ್ಲಿ ಬಡಿತ ನಿಂತಿತು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಮಿಸ್ತ್ರಿ ಹೊರಗೆ ಜಾರಿ ಬಂದು, ಎದ್ದು ಕೂತು, ಅಪ್ಪಯ್ಯನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಬೈಗುಳ ಇರಲಿಲ್ಲ. ತನ್ನಷ್ಟೇ ಕಾರನ್ನು ಪ್ರೀತಿಸಿದ ಇನ್ನೊಬ್ಬನನ್ನು ಕಂಡವರ ನೋಟ ಅದು.

ನಾವು ಹೊರಟದ್ದು ಎಲ್ಲೋರಕ್ಕೆ. ಅಪ್ಪಯ್ಯ ಕುಂದಾಪುರದ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು. ಪ್ರತಿ ವರ್ಷ ರಾಷ್ಟ್ರಕೂಟರ ಪಾಠ ಬಂದಾಗ ಕೈಲಾಸ ದೇವಾಲಯದ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸುತ್ತಿದ್ದರು. ಕಣ್ಣಾರೆ ಕಂಡವರಲ್ಲ. ಎಪ್ಪತ್ತನಾಲ್ಕಕ್ಕೆ ಕಾಲಿಟ್ಟ ಮೇಲೆ ಒಂದು ದಿನ, "ಕಾಣ್ ಮಗಾ, ಹ್ವಾಪುದಾದ್ರೆ ನಮ್ಮ ಕಾರಲ್ಲೇ ಹ್ವಾಪ," ಎಂದರು. ಹಾಗಾಗಿ ಸಂಕ್ರಾಂತಿ ಕಳೆದ ಮರುದಿನ ಎಂಟುನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಗೆ ಪದ್ಮಿನಿಯನ್ನೇ ಹೊರಡಿಸಿದೆವು. ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಅಹಿಲ್ಯಾನಗರ. ಕುರ್ಲಾದ ಪ್ರೀಮಿಯರ್ ಕಂಪನಿ ಈ ಕಾರನ್ನು ಮಾಡುವುದನ್ನು ನಿಲ್ಲಿಸಿದ್ದು 2000ದಲ್ಲಿ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ನಮ್ಮದು ಇನ್ನೂ ಓಡುತ್ತಿತ್ತು, ಸ್ಟೇರಿಂಗಿನ ಪಕ್ಕದಲ್ಲೇ ಗೇರ್ ಹಾಕಿಸಿಕೊಂಡು, 1089 ಸಿ.ಸಿ. ಎಂಜಿನ್ನಿನ ತನ್ನದೇ ನಿಧಾನದಲ್ಲಿ.

ಫೋನಿನಲ್ಲಿ ಅಕ್ಕ ಕೇಳಿದಾಗ "ವೈಜಾಪುರದ ಹತ್ತಿರ ಇದ್ದೇವೆ" ಎಂದೆ. "ಇನ್ನೂ ವಿಜಯಪುರ ದಾಟಿಲ್ಲವಾ?" ಎಂದಳು. ಹತ್ತಿರ ಹತ್ತಿರದ ಹೆಸರಿನ ಎರಡು ಊರುಗಳ ನಡುವೆ ಒಂದೂವರೆ ದಿನದ ಪ್ರಯಾಣ ಮಾಡಿದ್ದೆವು. ಚರಿತ್ರೆಯಲ್ಲಿ ಮಾತ್ರ ಈ ಊರು ಹತ್ತಿರ ನಮ್ಮ ನಾಡಿನ ಬೇರೆ ಊರುಗಳಿಗೆ. ವೈಜಾಪುರ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ನಮ್ಮ ಕಲಬುರಗಿ, ರಾಯಚೂರು, ಬೀದರಿನ ಜೊತೆಗೆ. ಸೆಪ್ಟೆಂಬರ್ 17 ಅವರಿಗೆ ಮರಾಠವಾಡಾ ಮುಕ್ತಿಯ ದಿನ, ನಮಗೆ ಕಲ್ಯಾಣ ಕರ್ನಾಟಕ ಉತ್ಸವದ ದಿನ.

ಗೋದಾವರಿ ಸೇತುವೆ ಬಂದಾಗ ಅಪ್ಪಯ್ಯ ನಿಲ್ಲಿಸಲು ಹೇಳಿದರು. ನದಿಯ ಎರಡೂ ದಂಡೆಯಲ್ಲಿ ಕಬ್ಬು, ಈರುಳ್ಳಿ ಗದ್ದೆ. ತೆಳುವಾದ ಚಳಿಗಾಲದ ನೀರು. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಗಡಿಯೆಂದು ಹೇಳಿದ ನದಿ ಇದು. "ಇಲ್ಲಿಂದ ಆಚೆ ನಾವು ಹೊರನಾಡಿನವರು," ಎಂದು ಅಪ್ಪಯ್ಯ ಚಪ್ಪಲಿ ಕಳಚಿ ಕೈಮುಗಿದರು. ಹೊರನಾಡಿಗೆ ಕಾಲಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನಡಿ ಏನೋ ಎಳೆದ ಸದ್ದು, ಬೆನ್ನಿಗೇ ಡಾಂಬರು ಸುಟ್ಟ ವಾಸನೆ. ಬಗ್ಗಿ ನೋಡಿದರೆ ತಳದಿಂದ ಮೊರದಷ್ಟು ಅಗಲದ ಕಪ್ಪು ಹಪ್ಪಳ ಕಳಚಿ ನೇತಾಡುತ್ತ ಸೈಲೆನ್ಸರಿನ ಕೊಳವೆಗೆ ತಾಗಿ ಕರಗುತ್ತಿತ್ತು. ಮೆಲ್ಲಗೆ ವೈಜಾಪುರಕ್ಕೆ ಬಂದೆವು. ಈರುಳ್ಳಿ ಟ್ರ್ಯಾಕ್ಟರುಗಳ ಸಾಲು ದಾಟಿದರೆ ಪೇಟೆಯ ಹೊರಗೆ ಒಂದು ಡೆಂಟಿಂಗ್-ಪೇಂಟಿಂಗ್ ಗ್ಯಾರೇಜು, ಅಲ್ಲಿ ಈ ಮಿಸ್ತ್ರಿ.

ಕರಾವಳಿಯವರಿಗೆ ಕಾರಿನ ಹೊಟ್ಟೆಗೆ ಕೋಟಿಂಗ್ ಹೊಡೆಸುವುದು ಮಳೆಗಾಲದ ಮುಂಚೆ ಮನೆಯ ಮಾಡಿಗೆ ಹಂಚು ಹೊದಿಸಿದಷ್ಟೇ ಸಹಜ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರ ಜೊತೆ ಸಮುದ್ರದ ಉಪ್ಪು ಗಾಳಿ. ಈಗಿನ ಕಾರುಗಳ ಇಡೀ ಬಾಡಿಯನ್ನು ಕಾರ್ಖಾನೆಯಲ್ಲೇ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಸಂದುಸಂದಿಗೂ ಬಣ್ಣ ಕೂರಿಸುತ್ತಾರೆ. ಎಷ್ಟೋ ತಗಡುಗಳಿಗೆ ಸತುವಿನ ಲೇಪವೂ ಇರುತ್ತದೆ. ಪದ್ಮಿನಿಯ ಕಾಲದ ತಗಡಿಗೆ ಆ ಭಾಗ್ಯ ಇರಲಿಲ್ಲ. ಡಾಂಬರಿನ ಕೋಟಿಂಗೇ ಅದರ ಕೊಡೆ.

ಕೊಡೆ ತೂತಾದದ್ದು ಹೇಗೆಂದು ಮಿಸ್ತ್ರಿ ಹೇಳಿದ್ದನ್ನು ನಾನು ಇಲ್ಲಿಯವರೆಗೆ ಯಾರ ಬಾಯಿಂದಲೂ ಕೇಳಿರಲಿಲ್ಲ. ಡಾಂಬರು ವರ್ಷ ಕಳೆದಂತೆ ಎಣ್ಣೆಯ ಪಸೆ ಕಳೆದುಕೊಂಡು ಗಡುಸಾಗುತ್ತದೆ, ಗಡುಸಾದದ್ದು ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕು ನೀರನ್ನು ತಾನಾಗಿಯೇ ಒಳಕ್ಕೆ ಹೀರಿಕೊಳ್ಳುತ್ತದೆ, ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ. ಒಳಗೆ ಹೋದ ನೀರಿಗೆ ಬಿಸಿಲೂ ಇಲ್ಲ ಗಾಳಿಯೂ ಇಲ್ಲ, ಆರುವ ದಾರಿಯಿಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿದ್ದುದಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಅದು ಉಬ್ಬಿ ಡಾಂಬರನ್ನು ಹೊರಗೆ ನೂಕುತ್ತದೆ, ಇನ್ನಷ್ಟು ನೀರಿಗೆ ಬಾಗಿಲು ತೆರೆಯುತ್ತದೆ. ಹೊರಗಿನಿಂದ ನೋಡಿದರೆ ಕಪ್ಪಗೆ ಹೊಳೆಯುವ ಚೆಂದದ ತಳ. ಅದರ ಮೇಲೆ ಮತ್ತೊಂದು ವರ್ಷ, ಮತ್ತೊಂದು ಕೋಟು. "ಬಳಿಯುವುದು ಎಲ್ಲರಿಗೂ ಬರುತ್ತದೆ ಭಾವೂ, ತೆಗೆಯುವ ಕೆಲಸ ಕಲಿಸುವವರೇ ಇಲ್ಲ," ಎಂದರು ಮಿಸ್ತ್ರಿ ನನ್ನ ಕಡೆ ತಿರುಗಿ. ಅವರು ಕಲಿತದ್ದು ವಾಳೂಜಿನಲ್ಲಿ. ಅಲ್ಲಿ 1985ರಲ್ಲಿ ಬಜಾಜ್ ಕಾರ್ಖಾನೆ ಬಂದ ಮೇಲೆ ಸುತ್ತ ಎದ್ದ ಬಿಡಿಭಾಗಗಳ ಕಾರ್ಖಾನೆಯೊಂದರ ಪೇಂಟ್ ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದು, ಊರಿಗೆ ಮರಳಿ ಗ್ಯಾರೇಜು ಹಾಕಿದ್ದರು.

"ನಾಳೆ ಬೆಳಿಗ್ಗೆ ಐದೂವರೆಗೆ ಬನ್ನಿ," ಎಂದರು. ಅಷ್ಟು ಬೇಗ ಯಾಕೆಂದು ಕೇಳಿದ್ದಕ್ಕೆ ಆಕಾಶದ ಕಡೆ ಬೆರಳು ತೋರಿಸಿದರು.

ಕಾರಣ ತಿಳಿದದ್ದು ಮರುದಿನ. ಮರಾಠವಾಡದ ಜನವರಿಯ ಬೆಳಗು ಕುಂದಾಪುರದವರ ಎಲುಬಿಗೆ ಹೊಸದು. ಬಾಯಿಂದ ಹೊಗೆ ಬರುತ್ತಿತ್ತು. ಕಾರು ಸರ್ವಿಸಿಂಗ್ ರ‍್ಯಾಂಪಿನ ಮೇಲೆ ಏರಿ ಕೂತಿತ್ತು. ಬ್ಯಾಟರಿಯ ವಯರು ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಕಳಚಿ ಅಂಗಳದಾಚೆ ಇಟ್ಟಿದ್ದರು. ಬ್ರೇಕಿನ ಪೈಪುಗಳಿಗೆ ಒದ್ದೆ ಬಟ್ಟೆ ಸುತ್ತಿದ್ದರು. ಮಿಸ್ತ್ರಿಗೂ ಅವರ ಕೈಯಾಳು ಹುಡುಗನಿಗೂ ಮೂಗಿಗೆ ಮಾಸ್ಕು. ಹಳೆಯ ಕಾಲದ ಕೆಲವು ಕೋಟಿಂಗುಗಳಲ್ಲಿ ಕಲ್ನಾರು ಬೆರೆಸುತ್ತಿದ್ದರು, ಅದರ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಅದಕ್ಕೇ ಹುಡುಗ ಪಿಚಕಾರಿಯಲ್ಲಿ ನೀರು ಚಿಮುಕಿಸುತ್ತ ನಿಂತಿದ್ದ. ಮಿಸ್ತ್ರಿ ಮೊಂಡಾದ ಚಾಣವನ್ನು ತೀರಾ ಓರೆಯಾಗಿ ಹಿಡಿದು ಮರದ ಕೊಡತಿಯಿಂದ ಒಂದು ಪೆಟ್ಟು ಕೊಟ್ಟರು. ಡಾಂಬರು ಗಾಜಿನ ಹಾಗೆ ಸೀಳಿತು. ಅಂಗೈಯಗಲದ ತುಂಡು ಉದುರಿತು, ಅದರ ಹಿಂದೆ ಇನ್ನೊಂದು, ಮತ್ತೊಂದು.

ಚಳಿ! ಚಳಿಗೆ ಡಾಂಬರು ತನ್ನ ಅಂಟು ಮರೆತು ಹಪ್ಪಳದಂತೆ ಪೆಡಸಾಗುತ್ತದೆ. ವಿದೇಶಗಳಲ್ಲಿ ಇದೇ ಕೆಲಸಕ್ಕೆ ಮೈನಸ್ 78.5 ಡಿಗ್ರಿಯ ಒಣ ಮಂಜುಗಡ್ಡೆ ಬಳಸುತ್ತಾರೆಂದು ಓದಿದ್ದೆ. ಅದರ ಹರಳನ್ನು ಗಾಳಿಯ ಒತ್ತಡದಲ್ಲಿ ತಗಡಿಗೆ ಹೊಡೆದರೆ ಹಳೆಯ ಲೇಪ ಬಿರಿದು ಕಳಚುತ್ತದೆ, ಮಂಜುಗಡ್ಡೆ ಗಾಳಿಯಾಗಿ ಹೋಗುತ್ತದೆ. ವೈಜಾಪುರದ ಮಿಸ್ತ್ರಿಗೆ ಪುಷ್ಯ ಮಾಸದ ಮುಂಜಾವೇ ಆ ಯಂತ್ರ. ಒಂದು ಪೈಸೆ ಖರ್ಚಿಲ್ಲದೆ, ಆಕಾಶದಿಂದ ಇಳಿಯುವ ತಂಪನ್ನು ಕೈಯಾಳಿನಂತೆ ದುಡಿಸಿಕೊಳ್ಳುವ ಆ ಬುದ್ಧಿಗೆ ನಾನು ಮೂಕನಾಗಿ ನಿಂತುಬಿಟ್ಟೆ.

ಒಂಬತ್ತೂವರೆಗೆ ಬಿಸಿಲು ಏರುತ್ತಿದ್ದಂತೆ ಚಾಣ ಕೆಳಗಿಟ್ಟರು. "ಈಗ ಇದು ಚಳಿಯಲ್ಲೂ ಇಲ್ಲ, ಬಿಸಿಯಲ್ಲೂ ಇಲ್ಲ. ಈಗ ಮುಟ್ಟಿದರೆ ಕೈಗೂ ಅಂಟು, ಉಳಿಗೂ ಅಂಟು." ನಡು ಹೊತ್ತು ಬೇರೆ ಕಾರಿನ ಕೆಲಸ. ಮಧ್ಯಾಹ್ನದ ನಂತರ ಹೀಟ್ ಗನ್ನು ತೆಗೆದರು. ಗೇಣಗಲ ಜಾಗಕ್ಕೆ ಬಿಸಿಗಾಳಿ ಊದುವುದು, ಡಾಂಬರಿನ ಮೈ ಹೊಳೆಯತೊಡಗಿದ ಕ್ಷಣ ಪಟ್ಟಿಯಿಂದ ಹೆರೆಯುವುದು. ಬೆಲ್ಲದ ಪಾಕಕ್ಕೆ ಹದ ಇರುವಂತೆ ಇದಕ್ಕೂ ಹದ ಇದೆ. ಸ್ವಲ್ಪ ಕಡಿಮೆಯಾದರೆ ಏಳುವುದಿಲ್ಲ, ಹೆಚ್ಚಾದರೆ ಹೊಗೆಯೆದ್ದು ತಗಡಿಗೆ ಬಳಿದುಕೊಳ್ಳುತ್ತದೆ. ಸರಿಯಾದ ಹದದಲ್ಲಿ ಕೊಯ್ದ ಡಾಂಬರು ಸುರುಳಿ ಸುರುಳಿಯಾಗಿ ಕೆಳಗೆ ಬೀಳುವುದನ್ನು ನೋಡುತ್ತ ನಾನು ಊಟ ಮರೆತೆ. ಬ್ಲೋ ಲ್ಯಾಂಪಿನ ಬೆಂಕಿ ಯಾಕೆ ಹಿಡಿಯಬಾರದೆಂದು ಕೇಳಿದೆ. ಬೆಂಕಿ ಡಾಂಬರನ್ನು ಉರಿಸುತ್ತದೆ, ಆ ಹೊಗೆ ವಿಷ. ಬ್ರೇಕಿನ ಪೈಪು ಹತ್ತಿರ, ಸೀಟಿನ ನಾರು ತಗಡಿನ ಮೇಲೆಯೇ. ಮರಳು ಹೊಡೆದರೆ ಮಿಲಿಮೀಟರಿನಷ್ಟೇ ದಪ್ಪದ ಚಪ್ಪಟೆ ತಗಡು ಹೊಡೆತಕ್ಕೆ ಸೊಟ್ಟಗಾಗುತ್ತದೆ. ಗ್ರೈಂಡರಿಗೆ ತಂತಿ ಬ್ರಷ್ಷು ಸಿಕ್ಕಿಸಿ ಹೊಡೆಯುವವರು ಅವಸರದವರು. ತಂತಿಯ ಚೂರುಗಳು ಹಾರುತ್ತವೆ, ಡಾಂಬರು ಕರಗಿ ಹರಡುತ್ತದೆ, ಗಟ್ಟಿ ಕಬ್ಬಿಣವೂ ಸವೆಯುತ್ತದೆ. ಇದೆಲ್ಲ ಹೇಳುವಾಗಲೂ ಅವರ ಕೈ ನಿಲ್ಲಲಿಲ್ಲ. ಕೀಲುಗಳಲ್ಲಿ ಇದ್ದ ತೆಳು ಬೂದುಬಣ್ಣದ ಸೀಲರಿನ ಬಳಿ ಬಂದಾಗ ಮಾತ್ರ ಪಟ್ಟಿ ತಾನಾಗಿ ದಾರಿ ಬಿಟ್ಟಿತು. "ಇದು ಕಂಪನಿಯವರು ಸಂದಿಗೆ ತುಂಬಿದ್ದು. ಇದು ಇರಲಿ."

ಕೊನೆಯ ತೆಳು ಪೊರೆಗೆ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿ. ಉಜ್ಜು, ಒರೆಸು, ಹೊಸ ಚಿಂದಿ.

ಉದುರಿದ ತುಂಡುಗಳಲ್ಲಿ ಒಂದನ್ನು ಅಪ್ಪಯ್ಯ ಎತ್ತಿಕೊಂಡು ಕನ್ನಡಕ ಮೇಲೇರಿಸಿದರು. ಮುರಿದ ಅಂಚಿನಲ್ಲಿ ಪದರ ಪದರ, ಮರದ ತೊಲೆಯನ್ನು ಕೊಯ್ದಾಗ ಕಾಣುವ ಉಂಗುರಗಳಂತೆ. ಕಪ್ಪು, ನಡುವೆ ಮುರಕಲ್ಲಿನ ಕೆಂಪು ಮಣ್ಣಿನ ಗೆರೆ, ಮತ್ತೆ ಕಪ್ಪು, ಮರಳು, ಕಪ್ಪು. ಮರಳಿನ ಗೆರೆಯಲ್ಲಿ ಉಗುರಿನಷ್ಟು ಚಿಕ್ಕ ಕಪ್ಪೆಚಿಪ್ಪಿನ ಚೂರು. "ಇದ್ ಮರವಂತೆ!" ಎಂದರು ಅಪ್ಪಯ್ಯ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ನಾವು ಮಕ್ಕಳು ಹಠ ಮಾಡಿದಾಗೆಲ್ಲ ಅವರು ಕಾರು ನಿಲ್ಲಿಸುತ್ತಿದ್ದ ಜಾಗ. ಆ ಚಿಪ್ಪು ಯಾವ ವರ್ಷದ್ದೋ, ಡಾಂಬರು ಅದನ್ನು ಹಿಡಿದಿಟ್ಟುಕೊಂಡು ಗೋದಾವರಿ ದಾಟಿಸಿತ್ತು.

ಹಿಂದಿನ ಬಲಚಕ್ರದ ಗೂಡಿನಲ್ಲಿ ಥಪ್ ಎಂದ ಜಾಗ ಇತ್ತಲ್ಲ, ಅಲ್ಲಿ ಚಾಣ ತಾಗಿಸಿದ ಕೂಡಲೇ ತಗಡು ಹುರಿದ ಹಿಟ್ಟಿನಂತೆ ಸುರಿಯಿತು. ಅಂಗೈ ಅಗಲದ ತೂತು. ಡಾಂಬರಿನ ಹಿಂದೆ ಗಟ್ಟಿ ಕಟ್ಟಿದ ಕೆಸರು. ಯಾವುದೋ ವರ್ಷ, ಊರಿನ ಸರ್ವಿಸ್ ಸ್ಟೇಷನ್ನೊಂದರಲ್ಲಿ, ತೊಳೆದ ತಳ ಆರುವ ಮೊದಲೇ ಮಣ್ಣಿನ ಮೇಲೆಯೇ ಕೋಟಿಂಗ್ ಸಿಂಪಡಿಸಿದ್ದಾರೆ. ದುಡ್ಡು ಎಣಿಸಿಕೊಟ್ಟು, ಹೊಳೆಯುವ ಕಪ್ಪನ್ನು ನೋಡಿ ನಾವು ಸಂತೋಷದಿಂದ ಮನೆಗೆ ಬಂದಿದ್ದೇವೆ. ಅಪ್ಪಯ್ಯ ತೂತಿನೊಳಗೆ ಬೆರಳು ತೂರಿಸಿ ನೋಡಿದರು. ಮಾತಾಡಲಿಲ್ಲ.

ಆಮೇಲೆ ಆದದ್ದನ್ನು ಹೇಗೆ ಬರೆಯಲಿ? ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಪಟ್ಟಿ ಇರುತ್ತದೆ. ಒಳಗೆ ಟೊಳ್ಳು. ಒಳಹೊಕ್ಕ ನೀರು ಇಳಿದುಹೋಗಲೆಂದು ಅದರ ತಳದಲ್ಲಿ ಕಂಪನಿಯವರು ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ವರ್ಷಗಟ್ಟಲೆ ಬಳಿದ ಡಾಂಬರು ಆ ತೂತುಗಳನ್ನೇ ಮುಚ್ಚಿಬಿಟ್ಟಿತ್ತು. ಮಿಸ್ತ್ರಿ ಸೈಕಲ್ ಕಡ್ಡಿಯೊಂದನ್ನು ತಂದು, ಬೆರಳಿನಿಂದ ತಡವಿ ಜಾಗ ಹುಡುಕಿ, ತಿರುವಿ ಚುಚ್ಚಿದರು. ಮೊದಲು ಒಂದಿಷ್ಟು ಕೆಂಪು ಕೆಸರು. ಆಮೇಲೆ ನೀರು. ತೊಟ್ಟು ತೊಟ್ಟಾಗಿ, ಮುರಕಲ್ಲಿನ ಬಣ್ಣದ ನೀರು, ವೈಜಾಪುರದ ಎರೆಮಣ್ಣಿನ ಮೇಲೆ ಬಿತ್ತು.

ಅದು ನಮ್ಮೂರಿನ ಆಷಾಢದ ಮಳೆ. ಅಡಿಕೆ ತೋಟದ ಮೇಲೆ ಸುರಿದದ್ದು, ಅಂಗಳದಲ್ಲಿ ನಿಂತ ಕಾರಿನ ಬಾಗಿಲ ಸಂದಿಯಿಂದ ಇಳಿದದ್ದು, ದಾರಿ ಕಾಣದೆ ಆರು ತಿಂಗಳು ಕತ್ತಲಲ್ಲಿ ಕೂತದ್ದು. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ನೆಲ ಅದನ್ನು ಕಣ್ಣೆದುರೇ ಹೀರಿತು. ನನಗೆ ಮೈ ಜುಮ್ಮೆಂದಿತು. ನೀರು ಚಿಮುಕಿಸುತ್ತಿದ್ದ ಹುಡುಗನಿಗೆ ನಮ್ಮ ಊರಿನಲ್ಲಿ ಮಳೆ ಎಷ್ಟು ದಿನ ಬಿಡದೆ ಸುರಿಯುತ್ತದೆ ಎಂದು ಹೇಳಿದೆ. ಅವನು ನಂಬಲಿಲ್ಲ. ಕೆಳಗೆ ಒದ್ದೆಯಾದ ಮಣ್ಣನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ.

ಮರುದಿನ ವೆಲ್ಡಿಂಗಿನ ಕೆಲಸ, ನಾವಿದ್ದರೆ ಅಡ್ಡಿ. ಮಹಾರಾಷ್ಟ್ರದವರು ಪ್ರೀತಿಯಿಂದ ಲಾಲ್‌ಪರಿ ಎನ್ನುವ ಕೆಂಪು ಎಸ್.ಟಿ. ಬಸ್ಸು ಹಿಡಿದು ಎಲ್ಲೋರಕ್ಕೆ ಹೋದೆವು. ಮಂಗಳವಾರ ರಜೆ, ನಮ್ಮದು ಪುಣ್ಯಕ್ಕೆ ಬುಧವಾರ. ಕೈಲಾಸದ ಮುಂದೆ ಅಪ್ಪಯ್ಯ ನಿಂತ ಆ ಮೊದಲ ಗಳಿಗೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಅದು ಅವರದು. ಆದರೆ ಗುಡ್ಡದ ಮೇಲೆ ಹತ್ತಿ ಅಂಚಿನಿಂದ ಕೆಳಗೆ ನೋಡಿದಾಗ ನನಗೆ ಹೊಳೆದದ್ದು ಗ್ಯಾರೇಜಿನ ಚಾಣ. ಒಂದನೇ ಕೃಷ್ಣನ ಕಾಲದಲ್ಲಿ, ಎಂಟನೇ ಶತಮಾನದಲ್ಲಿ, ಈ ದೇವಾಲಯದ ಶಿಲ್ಪಿಗಳು ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತ ಇಳಿದರು. ಮೊದಲು ಶಿಖರ, ಆಮೇಲೆ ಗೋಡೆ, ಕೊನೆಗೆ ಆನೆಗಳ ಸಾಲು. ಒಂದು ಕಲ್ಲನ್ನೂ ತಂದು ಇಟ್ಟದ್ದಲ್ಲ. ತೆಗೆದು ತೆಗೆದು, ಎರಡು ಲಕ್ಷ ಟನ್ನಿನಷ್ಟು ಕಲ್ಲು ತೆಗೆದರೆಂದು ಅಂದಾಜು, ಉಳಿದದ್ದೇ ಕೈಲಾಸ. ಒಂದು ಏಟು ಹೆಚ್ಚಾದರೆ ಮತ್ತೆ ಅಂಟಿಸುವ ಹಾಗಿಲ್ಲ. ಒಂಬತ್ತನೇ ಶತಮಾನದ ಆರಂಭದ ಬರೋಡಾ ತಾಮ್ರಶಾಸನ ಈ ಗುಡಿಯ ಬಗ್ಗೆ ಹೇಳುತ್ತದೆ: ವಿಮಾನಗಳಲ್ಲಿ ಹೋಗುವ ದೇವತೆಗಳೂ ಇದನ್ನು ಕಂಡು ಬೆರಗಾದರಂತೆ, ಕಟ್ಟಿದ ಶಿಲ್ಪಿಗೇ ತಾನಿದನ್ನು ಹೇಗೆ ಮಾಡಿದೆನೆಂದು ವಿಸ್ಮಯವಾಯಿತಂತೆ. ತರಗತಿಯಲ್ಲಿ ಅಪ್ಪಯ್ಯ ಇದನ್ನು ನೂರು ಸಲ ಹೇಳಿರಬೇಕು. ಅಲ್ಲಿ ನಿಂತು ಹೇಳಿದಾಗ ಅವರ ದನಿ ನಡುಗಿತು. ಗೋಡೆಯ ಸಂದುಗಳಲ್ಲಿ ಇನ್ನೂ ಅಂಟಿಕೊಂಡಿರುವ ಹಳೆಯ ಗಾರೆಯನ್ನು ತೋರಿಸಿದರು. ಈ ಇಡೀ ಗುಡಿ ಒಂದು ಕಾಲಕ್ಕೆ ಬಿಳಿ ಗಾರೆ ಹೊದ್ದು ಹಿಮದ ಕೈಲಾಸದಂತೆಯೇ ಇತ್ತು.

ಮರಳುವ ಬಸ್ಸಿನಲ್ಲಿ ಅಜಂತಾದ ಕಥೆ ಹೇಳಿದರು. ಅಲ್ಲಿಗೆ ಹೋಗಲು ಈ ಸಲ ದಿನ ಇರಲಿಲ್ಲ. 1920ರಲ್ಲಿ ನಿಜಾಮರ ಸರ್ಕಾರ ಅಜಂತಾದ ಚಿತ್ರಗಳು ಉದುರುವುದನ್ನು ತಡೆಯಲು ಇಟಲಿಯಿಂದ ಚೆಕೋನಿ ಮತ್ತು ಓರ್ಸಿನಿ ಎಂಬ ತಜ್ಞರನ್ನು ಕರೆಸಿತು. ಎದ್ದ ಚಕ್ಕೆಗಳನ್ನು ಅವರು ಎಚ್ಚರದಿಂದ ಕೂರಿಸಿದರು. ಜೊತೆಗೆ ಚಿತ್ರಗಳ ಮೇಲೆ ಅರಗಿನ ವಾರ್ನಿಷ್ ಬಳಿದರು. ಕಾಪಾಡಲೆಂದೇ ಬಳಿದದ್ದು. ಕಾಲ ಕಳೆದಂತೆ ಅರಗು ಹಳದಿಗಟ್ಟಿ ಕಪ್ಪಾಯಿತು, ಕುಗ್ಗುತ್ತ ಅಡಿಯ ಬಣ್ಣವನ್ನೇ ಎಳೆಯತೊಡಗಿತು. ಆಮೇಲೆ ದಶಕಗಟ್ಟಲೆ ಪುರಾತತ್ವ ಇಲಾಖೆಯ ರಸಾಯನ ತಜ್ಞರು ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಅಂಗುಲ ಅಂಗುಲವಾಗಿ ಆ ಅರಗನ್ನು ತೆಗೆದರು. "ಚಿಂದಿ ಮತ್ತೆ ಸೀಮೆಎಣ್ಣೆ," ಎಂದೆ. ಅಪ್ಪಯ್ಯ ತಲೆಯಾಡಿಸಿ ಕಿಟಕಿಯ ಹೊರಗೆ ನೋಡಿದರು. ಜೋಳದ ಹೊಲಗಳಲ್ಲಿ ಎಳೆ ತೆನೆಯ ಹುರ್ಡಾ ಸುಡುವ ಹೊಗೆ ಏಳುತ್ತಿತ್ತು. ನಮ್ಮ ಬಯಲುಸೀಮೆಯವರು ಸೀತನಿ ಎನ್ನುವುದು ಅದನ್ನೇ.

ಗ್ಯಾರೇಜಿಗೆ ಬಂದಾಗ ಕತ್ತಲಾಗುತ್ತಿತ್ತು. ಮಿಸ್ತ್ರಿ ಎಳ್ಳು-ಬೆಲ್ಲದ ಉಂಡೆ ಕೈಗಿಟ್ಟು, ಸಂಕ್ರಾಂತಿ ಕಳೆದರೂ ಒಳ್ಳೆಯ ಮಾತಿಗೆ ಕಾಲದ ಹಂಗಿಲ್ಲ ಎಂದರು. ಬಲ್ಬು ಹಿಡಿದು ಕಾರಿನಡಿ ಕರೆದರು. ಕೊಳೆತ ತಗಡನ್ನು ಬೆಳ್ಳಗೆ ಹೊಳೆಯುವ ಕಬ್ಬಿಣ ಸಿಗುವವರೆಗೂ ಕತ್ತರಿಸಿ, ಹೊಸ ತುಂಡು ಬೆಸೆದು, ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದಿದ್ದರು. ಮುಂದಿನ ಬಾಗಿಲಿನ ಅಡಿಯಲ್ಲಿ ಒಂದು ಕಡೆ ಅವರು ಏನೂ ಮಾಡದೆ ಬಿಟ್ಟಿದ್ದರು. "ಕಾಕಾ ನೋಡಿದ ಮೇಲೆ ಪ್ರೈಮರ್ ಹಚ್ಚುತ್ತೇನೆ."

ಹಸ್ತದಷ್ಟು ಅಗಲಕ್ಕೆ ಕಂಪನಿಯ ಮೂಲ ಬಣ್ಣ. ಎಳೆಯ ಬಾಳೆಯ ಸುಳಿಯಂಥ ತಿಳಿಹಸಿರು. ನನಗೆ ನೆನಪಿರುವ ಕಾಲದಿಂದ ನಮ್ಮ ಕಾರು ಬಿಳಿಯದೇ. ಅಪ್ಪಯ್ಯ ನೆಲಕ್ಕೆ ಕೂತು ಬಗ್ಗಿ, ಆ ಹಸಿರನ್ನು ಬೆರಳಿನಿಂದ ಒರೆಸಿದರು. "ಅಮ್ಮ ಆರಿಸಿದ ಬಣ್ಣ," ಎಂದರು. ಅಮ್ಮ ಹೋಗಿ ಹನ್ನೊಂದು ವರ್ಷ.

ತೆಗೆದ ಡಾಂಬರು, ತುಕ್ಕು, ಮಣ್ಣು ಎಲ್ಲ ಸೇರಿ ಎರಡು ಗೊಬ್ಬರದ ಚೀಲ. ಪಕ್ಕದ ಈರುಳ್ಳಿ ವ್ಯಾಪಾರಿಯ ತಕ್ಕಡಿಯಲ್ಲಿ ಹುಡುಗ ತೂಗಿದ: ಹದಿನೆಂಟೂವರೆ ಕಿಲೋ. ಮರುದಿನ ಎಪಾಕ್ಸಿ ಪ್ರೈಮರು, ಕೀಲುಗಳಿಗೆ ಸೀಲರು, ಪೆಟ್ಟಿಗೆಯ ಟೊಳ್ಳಿಗೆ ಮೇಣ. ಆ ಮೇಣ ಗಡುಸಾಗುವುದಿಲ್ಲ, ಗೀರು ಬಿದ್ದರೆ ಮತ್ತೆ ತಾನೇ ಕೂಡಿಕೊಳ್ಳುತ್ತದೆ. ತಳಕ್ಕೆ ತೆಳ್ಳಗೆ ಒಂದೇ ಕೋಟು. ಇನ್ನೊಂದು ಹೊಡೆಯಬಹುದೇ ಎಂದು ಅಪ್ಪಯ್ಯ ಕೇಳಿದರು. ಮಿಸ್ತ್ರಿ ಬೇಡವೆಂದರು. ಪ್ರತಿ ಮಳೆಗಾಲದ ಮುಂಚೆ ತೊಳೆದು, ಚೆನ್ನಾಗಿ ಆರಿಸಿ, ಬ್ಯಾಟರಿ ಹಿಡಿದು ನೋಡಿ, ತೂತುಗಳಿಗೆ ಕಡ್ಡಿ ಆಡಿಸಿ, ಎಂದು ಆ ಸೈಕಲ್ ಕಡ್ಡಿಯನ್ನೇ ಒರೆಸಿ ಅಪ್ಪಯ್ಯನ ಕೈಗೆ ಕೊಟ್ಟರು.

ಐದನೆಯ ಬೆಳಿಗ್ಗೆ ಹೊರಟೆವು. ಗೋದಾವರಿಯ ಕಡೆಗೆ ಹೋಗುವ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಜಲ್ಲಿ ಕೆದರಿದ್ದವು. ಒಂದು ಹರಳು ಚಕ್ರದಿಂದ ಎಗರಿ ತಳಕ್ಕೆ ಬಡಿಯಿತು. ಠಣ್. ಸ್ವಲ್ಪ ದೂರಕ್ಕೆ ಇನ್ನೊಂದು, ಠಣ್. ದಪ್ಪ ಡಾಂಬರಿನ ಕಾಲದಲ್ಲಿ ಕೇಳದಿದ್ದ ಸದ್ದು. ಅಪ್ಪಯ್ಯ ಕಿಟಕಿಯ ಗಾಜು ಏರಿಸಿ, ಹೊರಗಿನ ಗಾಳಿಯ ಸದ್ದು ನಿಲ್ಲಿಸಿ, ತಲೆ ಸ್ವಲ್ಪ ಓರೆ ಮಾಡಿಕೊಂಡು ಕೇಳುತ್ತ ಕೂತರು.

"ಮೆಲ್ಲ ಹೋಗ್ ಮಗಾ," ಎಂದರು. "ತಂದ ವರ್ಷ ಹೀಂಗೇ ಇತ್ತ್."